ಮೂರು ಮೊನೆಯ ವಜ್ರ ಕೊಳ್ಳುವ ಮುನ್ನ

ಅಕ್ಕನ ಉಂಗುರದ ವಜ್ರ ಮುಕ್ಕಾಗಿದ್ದನ್ನು ಮೊದಲು ಕಂಡುಹಿಡಿದಿದ್ದು ಅವಳ ರೇಷ್ಮೆ ಸೀರೆ. ಮದುವೆಗೆ ಹೊರಟು ನಿರಿಗೆ ಹಿಡಿಯುತ್ತಿದ್ದಳು. ಜರಿಯ ಎಳೆಯೊಂದು ಉಂಗುರಕ್ಕೆ ಸಿಕ್ಕಿಕೊಂಡಿತು. ಬಿಡಿಸಿದಳು, ಮತ್ತೆ ಸಿಕ್ಕಿತು. ‘ನೋಡೇ, ಇಲ್ಲೇನೋ ತರಚುತ್ತೆ’ ಅಂತ ಕೈ ಚಾಚಿದಳು. ತ್ರಿಕೋನದ ಹರಳು ಅದು. ಮೂರು ಮೊನೆಗಳಲ್ಲಿ ಒಂದು ಮೊಂಡಾಗಿತ್ತು. ಹೋಗಿದ್ದು ಎಳ್ಳಿನ ತುದಿಯಷ್ಟು ಚೂರು, ಅಷ್ಟೇ. ಆದರೆ ಒಂದು ಸಲ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಲೊಲ್ಲದು.

ಅಂಗಡಿಗೆ ಹೋದೆವು. ‘ವಿವಿಎಸ್ ಹರಳು ಮೇಡಂ, ಸರ್ಟಿಫಿಕೇಟ್ ಇದೆಯಲ್ಲ’ ಅಂದರು. ವಿವಿಎಸ್ ಅಂದರೆ ಶುದ್ಧತೆಯಲ್ಲಿ ಮೇಲಿನ ದರ್ಜೆ, ಒಳಗಿನ ಕಲೆ ಬರಿಗಣ್ಣಿಗೆ ಕಾಣದು. ಇತ್ತು, ಸರ್ಟಿಫಿಕೇಟೂ ಸರಿಯಾಗಿತ್ತು, ಹರಳೂ ಒಳ್ಳೆಯದೇ. ಎಡವಟ್ಟಾಗಿದ್ದು ಕೂರಿಸಿದ ರೀತಿಯಲ್ಲಿ. ಹರಳನ್ನು ಹಿಡಿದಿಡುವ ಚಿನ್ನದ ಉಗುರುಗಳು, ಅಂದರೆ ಪ್ರಾಂಗ್‌ಗಳು, ಮೂರೂ ಬದಿಗಳ ನಡುವೆ ಇದ್ದವು. ಮೊನೆಗಳು ಮೂರೂ ಬರಿಮೈಯಲ್ಲಿದ್ದವು.

ತ್ರಿಕೋನ ವಜ್ರ ಕೊಳ್ಳುವಾಗ ಕಾಗದಕ್ಕಿಂತ ಕಣ್ಣು ಮುಖ್ಯ ಅಂತ ನನಗೆ ಅರ್ಥವಾಗಿದ್ದು ಅವತ್ತು.

ಮೊದಲು ಆಕಾರ ತಿಳಿದುಕೊಳ್ಳಿ

ಅಂಗಡಿಯಲ್ಲಿ ಟ್ರಿಲಿಯನ್, ಟ್ರಿಲಿಯಂಟ್, ಟ್ರೈಯಾಂಗಲ್ ಅಂತ ಏನೇನೋ ಹೆಸರು ಹೇಳುತ್ತಾರೆ. ವಜ್ರ ಪರೀಕ್ಷಿಸಿ ದರ್ಜೆ ಕೊಡುವ ಲ್ಯಾಬ್ ಜಿಐಎ, ಅದರ ವರದಿಯಲ್ಲಿ ಅದೇ ಹರಳು ಸಾಮಾನ್ಯವಾಗಿ ‘ಟ್ರೈಯಾಂಗ್ಯುಲರ್ ಬ್ರಿಲಿಯಂಟ್’ ಅಂತ ಇರುತ್ತದೆ. ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬದಿ ನೇರವಾಗಿದೆಯೋ, ಉಬ್ಬಿದೆಯೋ ನೋಡಿ.

ಬದಿ ಹೊರಕ್ಕೆ ಉಬ್ಬಿದ ಹರಳು ಒಂಟಿಯಾಗಿ ಚೆನ್ನ. ಉಂಗುರದ ನಡುವೆ, ಪದಕದಲ್ಲಿ ತುಂಬಿದ ಹಾಗೆ ಕಾಣುತ್ತದೆ. ನೇರ ಬದಿಯದು ಇನ್ನೊಂದು ದೊಡ್ಡ ಹರಳಿನ ಅಕ್ಕಪಕ್ಕ ಕೂರಿಸಲು ಸರಿ. ನೇರ ಅಂಚು ಪಕ್ಕದ ಹರಳಿಗೆ ಒತ್ತಿ ಕೂರುತ್ತದೆ, ನಡುವೆ ಸಂದಿ ಉಳಿಯುವುದಿಲ್ಲ. ಇದನ್ನು ಅದಲು ಬದಲು ಮಾಡಿದ ಒಡವೆಗಳನ್ನೂ ನೋಡಿದ್ದೇನೆ. ಉಬ್ಬು ಬದಿಯ ಎರಡು ಹರಳು ನಡುವಿನ ಚೌಕ ಹರಳನ್ನು ಎರಡೂ ಕಡೆಯಿಂದ ಮೊಣಕೈಯಲ್ಲಿ ತಿವಿಯುತ್ತಿರುವ ಹಾಗಿತ್ತು ಒಂದು ಉಂಗುರ.

ಈ ಆಕಾರ ಬಂದಿದ್ದು ಬರೀ ಫ್ಯಾಷನ್‌ಗಾಗಿ ಅಲ್ಲ. ನೆಲದಿಂದ ಬರುವ ಕಚ್ಚಾ ವಜ್ರಗಳಲ್ಲಿ ಕೆಲವು ಎರಡು ಹರಳು ಅಂಟಿ ಬೆಳೆದ ಅವಳಿಗಳು. ಹೊರಗಿನಿಂದಲೇ ಚಪ್ಪಟೆ ತ್ರಿಕೋನವಾಗಿ ಇರುತ್ತವೆ. ವ್ಯಾಪಾರದಲ್ಲಿ ಅದಕ್ಕೆ ಮ್ಯಾಕಲ್ ಅನ್ನುತ್ತಾರೆ. ಅದರಿಂದ ಗುಂಡು ವಜ್ರ ತೆಗೆಯಲು ಹೊರಟರೆ ಅರ್ಧಕ್ಕರ್ಧ ಪುಡಿಯಾಗಿ ಹೋದೀತು. ತ್ರಿಕೋನವಾಗಿಯೇ ಕೊರೆದರೆ ತೂಕ ಉಳಿಯುತ್ತದೆ. ಗುಂಡು ವಜ್ರಕ್ಕಿಂತ ಇದು ಸಾಮಾನ್ಯವಾಗಿ ಕಡಿಮೆ ಬೆಲೆಗೆ ಸಿಗಲು ಇದೂ ಒಂದು ಕಾರಣ. ಗುಂಡಿಗೆ ಗಿರಾಕಿ ಜಾಸ್ತಿ ಅನ್ನುವುದು ಇನ್ನೊಂದು.

ಕ್ಯಾರಟ್ ಬಿಡಿ, ಮಿಲಿಮೀಟರ್ ಕೇಳಿ

ಕ್ಯಾರಟ್ ಅಂದರೆ ತೂಕ. 1 ಕ್ಯಾರಟ್ 0.2 ಗ್ರಾಂ, ಅದರಲ್ಲಿ 100 ಸೆಂಟ್. (ಚಿನ್ನದ 18 ಕ್ಯಾರಟ್, 22 ಕ್ಯಾರಟ್ ಬೇರೆ ಲೆಕ್ಕ, ಅದು ಶುದ್ಧತೆ. ಒಂದೇ ಬಿಲ್ಲಿನಲ್ಲಿ ಎರಡೂ ಇರುತ್ತವೆ, ಗೊಂದಲ ಆಗದೆ ಇನ್ನೇನಾಗುತ್ತೆ?)

ಚೆನ್ನಾಗಿ ಕೊರೆದ 1 ಕ್ಯಾರಟ್‌ನ ಗುಂಡು ವಜ್ರ ಸುಮಾರು 6.5 ಮಿ.ಮೀ. ಅಗಲ ಇರುತ್ತದೆ. ಅದೇ ತೂಕದ ತ್ರಿಕೋನದ ಒಂದೊಂದು ಬದಿ 7ರಿಂದ 7.5 ಮಿ.ಮೀ. ವರೆಗೆ ಬರಬಹುದು. ತ್ರಿಕೋನದ ಹರಳು ಆಳ ಕಡಿಮೆ, ಹಾಗಾಗಿ ತೂಕವೆಲ್ಲ ಮೇಲೆ ಹರಡಿಕೊಂಡಿರುತ್ತದೆ. ಬೆರಳಿನ ಮೇಲೆ ದೊಡ್ಡದಾಗಿ ಕಾಣುತ್ತದೆ.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ಬಿಳಿ ಕಾಗದದಲ್ಲಿ 5, 6, 7 ಮಿ.ಮೀ. ಬದಿಯ ತ್ರಿಕೋನ ಕತ್ತರಿಸಿ ಬೆರಳಿನ ಮೇಲೆ ಇಟ್ಟು ನೋಡಿ. ‘ಅರ್ಧ ಕ್ಯಾರಟ್ ಸಾಕಾ, ಮುಕ್ಕಾಲು ಬೇಕಾ’ ಅನ್ನುವ ಚರ್ಚೆ ಅಲ್ಲೇ ಮುಗಿಯುತ್ತದೆ. ಅಂಗಡಿಯ ದೀಪದ ಕೆಳಗೆ ಅದು ಮುಗಿಯುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ.

ಈಗ ಹರಳನ್ನು ಕೈಗೆ ತೆಗೆದುಕೊಳ್ಳಿ

ಆದಷ್ಟು ಒಡವೆಗೆ ಕೂರಿಸುವ ಮುಂಚೆ, ಬಿಡಿ ಹರಳನ್ನೇ ನೋಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಗುಂಡು ವಜ್ರವಾದರೆ ಜಿಐಎ ವರದಿಯಲ್ಲಿ ಕಟ್, ಅಂದರೆ ಕೊರೆತ, ಹೇಗಿದೆ ಅಂತ ದರ್ಜೆ ಇರುತ್ತದೆ: ಎಕ್ಸಲೆಂಟ್, ವೆರಿ ಗುಡ್, ಹೀಗೆ. ತ್ರಿಕೋನಕ್ಕೆ ಜಿಐಎ ಆ ದರ್ಜೆ ಕೊಡುವುದಿಲ್ಲ. ಪಾಲಿಶ್, ಸಿಮೆಟ್ರಿ ಎರಡಕ್ಕೆ ಮಾತ್ರ ದರ್ಜೆ. ಹಾಗಾಗಿ ಬಣ್ಣ, ಶುದ್ಧತೆ, ತೂಕ ಎಲ್ಲ ಒಂದೇ ಇರುವ ಎರಡು ತ್ರಿಕೋನ ಹರಳುಗಳಲ್ಲಿ ಒಂದು ದೀಪಾವಳಿಯಂತೆ ಹೊಳೆಯಬಹುದು, ಇನ್ನೊಂದು ಗಾಜಿನ ಚೂರಿನಂತೆ ಸುಮ್ನೆ ಬಿದ್ದಿರಬಹುದು. ಕಾಗದ ಓದಿದರೆ ಎರಡೂ ಒಂದೇ.

ವ್ಯತ್ಯಾಸ ಇರುವುದು ಆಳದಲ್ಲಿ. ವಜ್ರದ ಒಳಗೆ ಹೋದ ಬೆಳಕು ತಳದ ಮುಖಗಳಿಗೆ ತಾಗಿ, ಪುಟಿದು, ಮೇಲಕ್ಕೇ ಬರಬೇಕು. ತಳದ ಇಳಿಜಾರು ತೀರಾ ಕಡಿಮೆಯಾದರೆ ಬೆಳಕು ಪುಟಿಯದೆ ಕೆಳಗಿನಿಂದ ಸೋರಿಹೋಗುತ್ತದೆ. ನಡುವೆ ಕಿಟಕಿ ತೆರೆದ ಹಾಗೆ ಪೇಲವವಾಗಿ ಕಾಣುತ್ತದೆ.

ಅದನ್ನು ಪತ್ತೆ ಮಾಡಲು ಈ ಪತ್ರಿಕೆಯೇ ಸಾಕು. ಹರಳನ್ನು ಬೋರಲಾಗಿ ಅಲ್ಲ, ಮುಖ ಮೇಲೆ ಮಾಡಿ ಅಕ್ಷರಗಳ ಮೇಲೆ ಹಿಡಿದು ನೇರ ಮೇಲಿನಿಂದ ನೋಡಿ. ನಡುವೆ ಅಕ್ಷರದ ಗೆರೆ ಕಾಣಿಸಿದರೆ ಅದು ಕಿಟಕಿ. ಒಂದು ಮಾತು: ‘ಅಕ್ಷರ ಕಂಡರೆ ನಕಲಿ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಲಹೆ ಇದಕ್ಕೆ ನಡೆಯುವುದಿಲ್ಲ. ಆಳ ಕಡಿಮೆಯಾದ ಅಸಲಿ ತ್ರಿಕೋನ ವಜ್ರದಲ್ಲೂ ಅಕ್ಷರ ಕಾಣಬಹುದು. ಅದು ಅಸಲಿಯೇ, ಆದರೆ ಕೊರೆತ ಚೆನ್ನಾಗಿಲ್ಲ.

ವರದಿಯಲ್ಲಿ ‘ಡೆಪ್ತ್’ ಅಂತ, ಅಂದರೆ ಅಗಲಕ್ಕೆ ಹೋಲಿಸಿದರೆ ಆಳ ಎಷ್ಟು ಅಂತ, ಶೇಕಡಾ ಲೆಕ್ಕ ಇರುತ್ತದೆ. ತ್ರಿಕೋನಕ್ಕೆ ಅದು ಸುಮಾರು 38ರಿಂದ 45ರವರೆಗೆ ಇದ್ದರೆ ಹರಳನ್ನು ತರಿಸಿ ನೋಡಬಹುದು. 30ರ ಆಸುಪಾಸಿಗೆ ಇಳಿದಿದ್ದರೆ ಅನುಮಾನದಿಂದಲೇ ನೋಡಿ. ಇದೂ ಬರೀ ಜರಡಿ, ತೀರ್ಪು ನಿಮ್ಮ ಕಣ್ಣಿನದು. ಅಂಗಡಿಯ ಸ್ಪಾಟ್‌ಲೈಟ್‌ನಲ್ಲಿ ಮಾತ್ರ ನೋಡಬೇಡಿ. ಬಾಗಿಲ ಹತ್ತಿರ ಹೋಗಿ, ಹಗಲು ಬೆಳಕಿನಲ್ಲಿ ನಿಧಾನವಾಗಿ ಆ ಕಡೆ ಈ ಕಡೆ ವಾಲಿಸಿ ನೋಡಿ. ಮಿಂಚು ಮೂರೂ ಮೂಲೆಗೆ ಹರಿಯಬೇಕು. ‘ಹೊರಗೆ ತಗೊಂಡು ಹೋಗಂಗಿಲ್ಲ’ ಅಂದರೆ ‘ನೀವೂ ಬನ್ನಿ’ ಅನ್ನಿ. ನಾನು ಅಂದಿದ್ದೇನೆ. ಒಬ್ಬ ಹುಡುಗ ಬಂದು ಪಕ್ಕದಲ್ಲೇ ನಿಂತ.

ಮೂರು ಬದಿಯೂ ಒಂದೇ ಉದ್ದ ಇದೆಯಾ ಅಂತ ಹರಳನ್ನು ತಿರುಗಿಸಿ ನೋಡಿ. ಉದ್ದ-ಅಗಲದ ಅನುಪಾತ 1.00ರಿಂದ 1.10ರ ಒಳಗಿದ್ದರೆ ಕಣ್ಣಿಗೆ ಸಮ ಅನಿಸುತ್ತದೆ.

ಮೊನೆಯಲ್ಲಿ ಏನಿದೆ?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೇಳಿ ತೆಗೆದುಕೊಳ್ಳಿ. ಎರಡು ಕಣ್ಣೂ ತೆರೆದಿರಲಿ, ಲೂಪ್ ಕಣ್ಣಿಗೆ ಅಂಟಿದಂತಿರಲಿ, ಹರಳನ್ನು ಹತ್ತಿರಕ್ಕೆ ತನ್ನಿ.

ವಜ್ರಕ್ಕಿಂತ ಗಟ್ಟಿಯಾದ ಕಲ್ಲಿಲ್ಲ ಅನ್ನುವುದು ನಿಜ, ಆದರೆ ಆ ಗಟ್ಟಿತನ ಗೀರಿನ ವಿಷಯಕ್ಕೆ ಮಾತ್ರ. ಇನ್ನೊಂದು ವಜ್ರ ಬಿಟ್ಟರೆ ಬೇರೆ ಕಲ್ಲು ವಜ್ರವನ್ನು ಗೀರದು, ಆದರೆ ಒಡೆಯಬಹುದು. ಕಟ್ಟಿಗೆಗೆ ಸೀಳುವ ದಿಕ್ಕು ಇರುವಂತೆ ವಜ್ರದಲ್ಲೂ ನಾಲ್ಕು ದಿಕ್ಕಿಗೆ ಸೀಳುವ ಪದರಗಳಿವೆ. ಚೂಪು ಮೊನೆಗೆ ಆ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಅಕ್ಕನದು ಎಲ್ಲಿ ತಾಗಿತೋ ಅವಳಿಗೇ ಗೊತ್ತಿಲ್ಲ. ಸಿಂಕಿನ ಅಂಚು, ಗ್ರಾನೈಟ್ ಕಟ್ಟೆ, ಬಸ್ಸಿನ ಕಂಬಿ, ಯಾವುದೂ ಆಗಬಹುದು.

ಆದ್ದರಿಂದ ಮೊದಲು ಮೂರು ಮೊನೆ ನೋಡಿ. ಅಲ್ಲಿ ಬಿಳಿ ಗರಿಯಂತಹ ಬಿರುಕಿದ್ದರೆ ಆ ಹರಳು ಬೇಡ. ವಿವಿಎಸ್, ವಿಎಸ್ ಅನ್ನುವ ಶುದ್ಧತೆಯ ದರ್ಜೆಗಿಂತ ಕಲೆ ಎಲ್ಲಿದೆ ಅನ್ನುವುದು ಇಲ್ಲಿ ಮುಖ್ಯ. ನಮ್ಮ ಕಡೆ ಅಂಗಡಿಗಳಲ್ಲಿ ‘ಇಎಫ್-ವಿವಿಎಸ್’ (ಇ, ಎಫ್ ಬಣ್ಣದ ದರ್ಜೆಗಳು) ಅನ್ನುವುದು ಮಂತ್ರದಂತೆ ಆಗಿಬಿಟ್ಟಿದೆ. ಬರಿಗಣ್ಣಿಗೆ ಕಾಣದ ಶುದ್ಧತೆಗೆ ಅಷ್ಟು ಹಣ ಸುರಿಯುವ ಬದಲು, ಮೊನೆ ಸ್ವಚ್ಛ ಇರುವ, ಸ್ವಲ್ಪ ಕೆಳಗಿನ ದರ್ಜೆಯ ವಿಎಸ್2 ಹರಳು ತಗೊಂಡು ಉಳಿದಿದ್ದನ್ನು ಒಳ್ಳೆಯ ಕೆಲಸಗಾರನ ಕೂಲಿಗೆ ಕೊಡಿ ಅನ್ನುತ್ತೇನೆ ನಾನು. ಹರಳಿನ ಸೊಂಟ ಇದೆಯಲ್ಲ, ಗರ್ಡಲ್, ಅದು ಮೊನೆಯ ಹತ್ತಿರ ಬ್ಲೇಡಿನಷ್ಟು ತೆಳ್ಳಗಿದೆಯಾ ಅಂತಲೂ ನೋಡಿ. ವರದಿಯಲ್ಲಿ ‘ಎಕ್ಸ್‌ಟ್ರೀಮ್ಲಿ ಥಿನ್’ ಅಂತ ಬರೆದಿದ್ದರೆ ಎಚ್ಚರ.

ಬಣ್ಣವೂ ಮೊನೆಗೇ ಹೋಗಿ ಸೇರುತ್ತದೆ. ನಡುವೆ ಬಿಳಿಯಾಗಿ ಕಾಣುವ ಹರಳು ಮೂಲೆಯಲ್ಲಿ ತುಸು ಹಳದಿ ಇರಬಹುದು. ಬಿಳಿ ಕಾಗದದ ಮಡಿಕೆಯಲ್ಲಿ ಬೋರಲು ಹಾಕಿ ಪಕ್ಕದಿಂದ ನೋಡಿದರೆ ತಿಳಿಯುತ್ತದೆ. ಬಣ್ಣದ ದರ್ಜೆ ಅಚ್ಚ ಬಿಳಿಯ ಡಿ ಅಕ್ಷರದಿಂದ ಶುರು, ಮುಂದಕ್ಕೆ ಹೋದಷ್ಟೂ ಹಳದಿ ಜಾಸ್ತಿ. ಪ್ಲಾಟಿನಂ, ಬಿಳಿ ಚಿನ್ನಕ್ಕಾದರೆ ಜಿ, ಎಚ್ ಸಾಕು. ಹಳದಿ ಚಿನ್ನಕ್ಕೆ ಐ, ಜೆ ಕೂಡ ನಡೆಯುತ್ತದೆ. ಚಿನ್ನದ್ದೇ ಹಳದಿ ಅಲ್ವಾ, ಎರಡೂ ಬೆರೆತುಹೋಗುತ್ತವೆ.

ಹಳೆಯ ಅಂಗಡಿಯವರ ಬಾಯಲ್ಲಿ ‘ಬ್ಲೂ ಜಾಗರ್’ ಅನ್ನುವ ಮಾತು ಕೇಳಬಹುದು. ನಮ್ಮ ಅಜ್ಜಿಯರು ಏಳು ಹರಳಿನ ಓಲೆ ತೋರಿಸಿ ಹೆಮ್ಮೆಯಿಂದ ಹೇಳುತ್ತಿದ್ದ ಹೆಸರು ಅದು. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ ಬಂದ ಹೆಸರು. ಅಲ್ಲಿನ ಬಿಳಿ ಹರಳುಗಳಲ್ಲಿ ಕೆಲವು ಬಿಸಿಲಿಗೆ ಹಿಡಿದರೆ ನಸುನೀಲಿ ಛಾಯೆ ತೋರುತ್ತಿದ್ದವು. ಅದಕ್ಕೆ ಕಾರಣ ಫ್ಲೋರಸೆನ್ಸ್, ಅಂದರೆ ಅತಿನೇರಳೆ ಕಿರಣ ಬಿದ್ದಾಗ ಹರಳು ಬೆಳಗುವ ಗುಣ. ಇವತ್ತಿನ ವರದಿಯಲ್ಲಿ ಅದಕ್ಕೂ ಒಂದು ಸಾಲು ಇರುತ್ತದೆ. ಈಗ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ನಕ್ಕು, ವರದಿ ತೋರಿಸಿ ಅನ್ನಿ.

ಜೋಡಿ ಬೇಕಾದರೆ

ಓಲೆಗೆ ಅಥವಾ ಉಂಗುರದ ಅಕ್ಕಪಕ್ಕಕ್ಕೆ ಎರಡು ತ್ರಿಕೋನ ಬೇಕಾದರೆ ‘ಎರಡೂ 30 ಸೆಂಟ್’ ಅಂದರೆ ಸಾಲದು. ಒಂದು ಆಳವಾಗಿ, ಇನ್ನೊಂದು ಚಪ್ಪಟೆಯಾಗಿ ಇದ್ದರೂ ತೂಕ ಒಂದೇ ಬರಬಹುದು. ಮಿ.ಮೀ. ಅಳತೆ, ಬಣ್ಣ, ಹೊಳಪು ಮೂರೂ ಹೊಂದಬೇಕು. ಎರಡನ್ನೂ ಬೆನ್ನಿಗೆ ಬೆನ್ನು ತಾಗಿಸಿಟ್ಟು ನೋಡಿ, ಏರುಪೇರು ತಕ್ಷಣ ಕಾಣುತ್ತದೆ. ಒಂದು ಕಳೆದುಹೋದರೆ ಅದಕ್ಕೆ ಹೊಂದುವ ಇನ್ನೊಂದು ಸಿಗುವುದು ಕಷ್ಟ, ಎಷ್ಟೋ ಸಲ ಹೊಸದಾಗಿ ಕೊರೆಸಬೇಕಾಗುತ್ತದೆ. ಅಳತೆಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಂಡು ಬನ್ನಿ.

ಕೂರಿಸುವ ಕೆಲಸ

ಆರ್ಡರ್ ಕೊಡುವಾಗ ಒಂದೇ ಒಂದು ಮಾತು ನೆನಪಿಟ್ಟು ಹೇಳಿ: ‘ಮೊನೆಗೆ ವಿ-ಪ್ರಾಂಗ್ ಹಾಕಿ.’ ಇಂಗ್ಲಿಷಿನ ವಿ ಅಕ್ಷರದ ಆಕಾರದ ಚಿನ್ನದ ಟೋಪಿ ಅದು. ಮೊನೆಯನ್ನು ಎರಡೂ ಕಡೆಯಿಂದ ಅಪ್ಪಿಕೊಳ್ಳುತ್ತದೆ. ದಿನಾ ಹಾಕುವ ಉಂಗುರವಾದರೆ ಸುತ್ತಲೂ ಚಿನ್ನದ ಕಟ್ಟು ಬರುವ ಬೆಜೆಲ್ ಇನ್ನೂ ಭದ್ರ. ಹರಳು ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ, ನಿಜ. ಪದಕ, ಓಲೆಗೆ ಪೆಟ್ಟು ಬೀಳುವುದು ಕಡಿಮೆ, ಅಲ್ಲಿ ಇಷ್ಟು ಚಿಂತೆ ಬೇಡ. 18 ಕ್ಯಾರಟ್ ಚಿನ್ನವೇ ಇರಲಿ. 22 ಕ್ಯಾರಟ್ ಮೆತ್ತಗೆ, ಪ್ರಾಂಗ್ ಬೇಗ ಬಾಗುತ್ತದೆ. ಉಂಗುರ ಕೈಗೆ ಬಂದ ಮೇಲೆ ಹಳೇ ನೈಲಾನ್ ಕಾಲುಚೀಲದ ಮೇಲೆ ಮೆಲ್ಲಗೆ ಎಳೆದು ನೋಡಿ. ಎಳೆ ಸಿಕ್ಕಿದರೆ ಅಲ್ಲೇ ವಾಪಸ್ ಕೊಡಿ.

ಬಿಲ್ ಕಟ್ಟುವಾಗ

ಚಿನ್ನದ ತೂಕ, ಹರಳಿನ ತೂಕ, ಕೂಲಿ ಬೇರೆ ಬೇರೆ ಬರೆಸಿ. 18 ಕ್ಯಾರಟ್‌ಗೆ ಹಾಲ್‌ಮಾರ್ಕ್‌ನಲ್ಲಿ 750 ಅಂತಿರುತ್ತದೆ, ಜೊತೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ. ಹಾಲ್‌ಮಾರ್ಕ್ ಉಸ್ತುವಾರಿಯ ಸರ್ಕಾರಿ ಸಂಸ್ಥೆ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿ ಅಲ್ಲೇ ಪರೀಕ್ಷಿಸಬಹುದು. ಆದರೆ ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ, ವಜ್ರದ ಬಗ್ಗೆ ಅದು ಏನೂ ಹೇಳುವುದಿಲ್ಲ. ವಜ್ರಕ್ಕೆ ಜಿಐಎ, ಐಜಿಐ ತರಹದ ಲ್ಯಾಬ್ ವರದಿ ಬೇಕು. ಹರಳಿನ ಸೊಂಟದ ಮೇಲೆ ಲೇಸರ್‌ನಿಂದ ನಂಬರ್ ಬರೆದಿದ್ದರೆ ಲೂಪ್‌ನಲ್ಲಿ ಓದಿ ವರದಿಯ ಜೊತೆ ತಾಳೆ ನೋಡಿ.

ಗಣಿಯದೋ, ಲ್ಯಾಬ್‌ನಲ್ಲಿ ಬೆಳೆಸಿದ್ದೋ ಅನ್ನುವುದನ್ನು ಬಿಲ್ಲಿನಲ್ಲೇ ಬರೆಸಿ. ಎರಡೂ ವಜ್ರವೇ, ಅಂಗಡಿಯ ಪುಟ್ಟ ಟೆಸ್ಟರ್ ಎರಡಕ್ಕೂ ‘ಡೈಮಂಡ್’ ಅಂತಲೇ ಹೇಳುತ್ತದೆ. ಬೆಲೆ ಮಾತ್ರ ಅಜಗಜಾಂತರ. ವಾಪಸ್ ಕೊಟ್ಟರೆ ಎಷ್ಟು ಕೊಡುತ್ತೀರಿ ಅಂತಲೂ ಈಗಲೇ ಕೇಳಿ. ತ್ರಿಕೋನಕ್ಕೆ ಗಿರಾಕಿ ಕಡಿಮೆ, ಮಾರಲು ಹೋದಾಗ ಅದು ಗೊತ್ತಾಗುತ್ತದೆ.

ಮನೆಯಲ್ಲಿ ಆರೈಕೆ ಸುಲಭ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ತಲೆಗೆ ಎಣ್ಣೆ ಹಚ್ಚಿದ ಕೈ, ಅರಿಶಿನದ ಕೈ ಸಾಕು ಮಂಕಾಗಲು. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಹಳೇ ಬ್ರಷ್. ತೊಳೆಯುವಾಗ ಸಿಂಕಿನ ತೂತು ಮುಚ್ಚಿರಲಿ.

ಅಕ್ಕನ ಉಂಗುರದ ಕಥೆ? ಹರಳನ್ನು ಮತ್ತೆ ಕೊರೆಸಬಹುದಿತ್ತು. ಆದರೆ 52 ಸೆಂಟ್ ಇದ್ದಿದ್ದು ಅರ್ಧ ಕ್ಯಾರಟ್‌ಗಿಂತ ಕೆಳಗೆ ಬೀಳುತ್ತಿತ್ತು. ಆ ಗೆರೆ ದಾಟಿದರೆ ಕ್ಯಾರಟ್ಟಿನ ದರವೇ ಇಳಿಯುತ್ತದೆ. ಬೇರೆ ಕಡೆ ಒಬ್ಬ ಅಕ್ಕಸಾಲಿಗರ ಹತ್ತಿರ ಹೋದೆವು. ಮೂರು ಮೊನೆಗೂ ವಿ-ಪ್ರಾಂಗ್ ಹಾಕಿಕೊಟ್ಟರು. ಮುಕ್ಕಾದ ಮೊನೆ ಆ ಚಿನ್ನದ ಟೋಪಿಯ ಒಳಗೇ ಇದೆ. ಲೂಪ್ ಹಿಡಿದರೂ ಕಾಣುವುದಿಲ್ಲ. ಬಿಡಿ ಹರಳನ್ನೇ ನೋಡಿ ಅಂತ ಮೊದಲು ಹೇಳಿದ್ದು ಅದಕ್ಕೇ.