ಯುರೋಪಿನಿಂದ ಸೆರೆಂಗೆಟಿಗೆ: ವಿಮಾನದ ಟಿಕೆಟ್ ಕೊನೆಗಿರಲಿ

ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಆಫ್ರಿಕಾದ ಸಿಂಹಗಳು ಬೆಂಗಳೂರಿಗಿಂತ ಹತ್ತಿರದಲ್ಲಿವೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಬೆಳಿಗ್ಗೆ ಕೆಎಲ್‌ಎಂ ವಿಮಾನ ಹತ್ತಿದರೆ ಅದೇ ರಾತ್ರಿ ಟಾಂಜಾನಿಯದ ಕಿಲಿಮಂಜಾರೊ ನಿಲ್ದಾಣದಲ್ಲಿ ಇಳಿಯಬಹುದು. ಗಡಿಯಾರದ ವ್ಯತ್ಯಾಸ ಚಳಿಗಾಲದಲ್ಲಿ ಎರಡು ಗಂಟೆ, ಬೇಸಿಗೆಯಲ್ಲಿ ಒಂದೇ ಗಂಟೆ. ಇಷ್ಟು ಸುಲಭವಾದ್ದರಿಂದಲೇ ಅನೇಕರು ಅಗ್ಗದ ಟಿಕೆಟ್ ಕಂಡೊಡನೆ ಕೊಂಡುಬಿಡುತ್ತಾರೆ; ಆ ತಿಂಗಳು ಪ್ರಾಣಿಗಳು ಎಲ್ಲಿರುತ್ತವೆ ಎಂದು ಆಮೇಲೆ ಹುಡುಕುತ್ತಾರೆ. ಕೆಲಸ ನಡೆಯಬೇಕಾದದ್ದು ಇದಕ್ಕೆ ತದ್ವಿರುದ್ಧವಾಗಿ.

ಮೊದಲು ತಿಂಗಳು

ಟಾಂಜಾನಿಯದ ಹುಲ್ಲುಗಾವಲಾದ ಸೆರೆಂಗೆಟಿಯಲ್ಲಿ ದನದಂತೆ ಕಾಣುವ ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆ ಲಕ್ಷಗಟ್ಟಲೆ ಜೀಬ್ರಾಗಳು ಮಳೆಯನ್ನು ಹಿಂಬಾಲಿಸಿ ವರ್ಷವಿಡೀ ಸುತ್ತುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಅವು ಉತ್ತರದಲ್ಲಿ, ಕೀನ್ಯಾದ ಗಡಿಯ ಆಸುಪಾಸಿನಲ್ಲಿ ಇರುತ್ತವೆ. ಮೊಸಳೆಗಳಿರುವ ಮಾರಾ ನದಿಗೆ ಹಿಂಡು ಹಿಂಡಾಗಿ ಧುಮುಕುವುದು ಆಗಲೇ. ಯುರೋಪಿನ ಶಾಲೆಗಳಿಗೆ ಬೇಸಿಗೆ ರಜೆಯೂ ಆಗಲೇ. ಹಾಗಾಗಿ ದರ ಏರಿರುತ್ತದೆ, ನದಿದಡದಲ್ಲಿ ಜೀಪುಗಳ ಸಾಲು ನಿಂತಿರುತ್ತದೆ. ಇಷ್ಟೆಲ್ಲ ಕಾದರೂ ಹಿಂಡು ನೀರಿಗೆ ಇಳಿಯುವುದೆಂದು ಯಾರೂ ಖಾತರಿ ಕೊಡಲಾರರು. ದಡದವರೆಗೆ ಬಂದು ಹಿಂದಿರುಗಿ ಹೋಗುವುದೂ ಉಂಟು.

ನನ್ನ ಮತ ಫೆಬ್ರುವರಿಗೆ. ಬ್ರಿಟನ್, ನೆದರ್ಲೆಂಡ್ಸ್, ಜರ್ಮನಿಯ ಹಲವು ರಾಜ್ಯಗಳಲ್ಲಿ ಆ ಹೊತ್ತಿಗೆ ಶಾಲೆಗಳಿಗೆ ಕಿರುರಜೆ ಇರುತ್ತದೆ. ವೈಲ್ಡ್‌ಬೀಸ್ಟ್‌ಗಳು ಆಗ ದಕ್ಷಿಣದ ಎನ್‌ಡುಟು ಬಯಲಿನಲ್ಲಿ ಕರು ಹಾಕುತ್ತಿರುತ್ತವೆ. ಜ್ವಾಲಾಮುಖಿಯ ಬೂದಿ ಬಿದ್ದು ಆದ ನೆಲ ಅದು. ಅಲ್ಲಿನ ಗಿಡ್ಡ ಹುಲ್ಲಿನಲ್ಲಿ ಹಾಲೂಡುವ ತಾಯಂದಿರಿಗೆ ಬೇಕಾದ ಖನಿಜಾಂಶ ಹೇರಳ, ಜೊತೆಗೆ ಬೇಟೆಗಾರ ಪ್ರಾಣಿ ಮರೆಯಾಗಿ ಬರಲು ಎಡೆಯಿಲ್ಲ. ಹಾಗೆಂದು ಚೀತಾ, ಕತ್ತೆಕಿರುಬಗಳು ಸುಮ್ಮನಿರುವುದಿಲ್ಲ. ಎಳೆಯ ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿ ಸಿದ್ಧಪಡಿಸಬೇಕು: ಕರುಗಳು ಹುಟ್ಟುವುದನ್ನು ನೋಡಲು ಹೋದವರು ಅವು ಸಾಯುವುದನ್ನೂ ನೋಡುತ್ತಾರೆ.

ಏಪ್ರಿಲ್, ಮೇ ದೊಡ್ಡ ಮಳೆಯ ಕಾಲ. ಬೆಲೆ ಕಡಿಮೆ, ಕೆಸರು ಜಾಸ್ತಿ, ಕೆಲವು ಶಿಬಿರಗಳು ಮುಚ್ಚಿರುತ್ತವೆ.

ಆಮೇಲೆ ಜಾಗ, ಅದೂ ಕಡಿಮೆ

ಒಂಬತ್ತು ದಿನಗಳಲ್ಲಿ ಐದು ಉದ್ಯಾನ ತೋರಿಸುವ ಪಟ್ಟಿಗಳನ್ನು ನಂಬಬೇಡಿ. ಸಫಾರಿಗಳು ಹೊರಡುವ ಅರೂಷಾ ನಗರದಿಂದ ಸೆರೆಂಗೆಟಿಯ ನಡುಭಾಗಕ್ಕೆ ರಸ್ತೆಯಲ್ಲಿ ಏಳೆಂಟು ಗಂಟೆ ಬೇಕು, ಅರ್ಧ ದಾರಿ ದೂಳು. ಫೆಬ್ರುವರಿಯಲ್ಲಾದರೆ ಮೊದಲ ರಾತ್ರಿ ಅರೂಷಾ, ಎರಡು ರಾತ್ರಿ ಕರಾಟು ಪಟ್ಟಣ, ನಾಲ್ಕು ರಾತ್ರಿ ಎನ್‌ಡುಟು ಸಾಕು. ಕರಾಟುವಿನಿಂದ ಒಂದು ದಿನ ಎನ್‌ಗೊರೊಂಗೊರೊ ಕುಳಿಗೆ ಇಳಿಯಬಹುದು. ಸುಮಾರು 600 ಮೀಟರ್ ಆಳದ, 260 ಚದರ ಕಿಲೋಮೀಟರಿನ ಆ ತಳದಲ್ಲಿ ಕಪ್ಪು ಘೇಂಡಾಮೃಗ ಕಾಣುವ ಸಾಧ್ಯತೆ ಇದೆ. ಆನೆಗಳಿಗೆ ಹೆಸರಾದ ತರಂಗಿರೆ ಉದ್ಯಾನವನ್ನು ಜುಲೈನಿಂದ ಅಕ್ಟೋಬರ್ ನಡುವೆ ಹೋಗುವವರು ಸೇರಿಸಿಕೊಳ್ಳಲಿ. ಒಣಗಾಲದಲ್ಲಿ ಅವು ನದಿಯ ಬಳಿಗೆ ಬಂದು ಸೇರುತ್ತವೆ.

ಯಾರ ಮೂಲಕ?

ಯುರೋಪಿನ ಏಜೆನ್ಸಿಯಿಂದ ಪ್ರವಾಸವನ್ನು ಒಟ್ಟಾಗಿ ಕೊಂಡರೆ, ಆ ಸಂಸ್ಥೆ ದಿವಾಳಿಯಾದರೂ ಹಣಕ್ಕೆ ಐರೋಪ್ಯ ಒಕ್ಕೂಟದ ಕಾನೂನಿನ ರಕ್ಷಣೆ ಇದೆ. ಬ್ರಿಟನ್ನಿನಲ್ಲಿ ವಿಮಾನ ಸೇರಿದ ಪ್ರವಾಸಕ್ಕೆ ಇಂಥದೇ ರಕ್ಷಣೆ ಕೊಡುವ ಅಟೋಲ್ ಪ್ರಮಾಣಪತ್ರ ಕೇಳಿ. ಅರೂಷಾದ ಸಂಸ್ಥೆಯನ್ನೇ ನೇರವಾಗಿ ಹಿಡಿದರೆ ಸಾಮಾನ್ಯವಾಗಿ ಅಗ್ಗ, ಆದರೆ ಆ ರಕ್ಷಣೆ ಇಲ್ಲ. ಅದು ಟಾಂಜಾನಿಯದ ಪ್ರವಾಸ ಸಂಸ್ಥೆಗಳ ಒಕ್ಕೂಟವಾದ ಟಾಟೊದ ಸದಸ್ಯನೇ ಎಂದು ನೋಡಿ ಮುಂದುವರಿಯಿರಿ.

ದರಪಟ್ಟಿ ಬಂದಾಗ ಒಟ್ಟು ಮೊತ್ತಕ್ಕಿಂತ ಮೊದಲು ಕೇಳಬೇಕಾದದ್ದು: ಉದ್ಯಾನದ ಶುಲ್ಕ, ಅದರ ಮೇಲಿನ ಶೇ 18 ತೆರಿಗೆ, ಕುಳಿಗೆ ಇಳಿಯುವ ವಾಹನದ ಪ್ರತ್ಯೇಕ ಶುಲ್ಕ ಸೇರಿವೆಯೇ? ಈ ಶುಲ್ಕಗಳು ಸಣ್ಣವಲ್ಲ. ಗಡಿಯಾಚೆ ಕೀನ್ಯಾದ ಮಸಾಯಿ ಮಾರಾದಲ್ಲಿ 2024ರಿಂದ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್.

ವಾಹನದಲ್ಲಿ ಎಷ್ಟು ಜನ ಎಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ. ಕಬಿನಿಯ ಸಫಾರಿ ಮೂರು ಗಂಟೆಗಳಲ್ಲಿ ಮುಗಿದು ರೆಸಾರ್ಟಿಗೆ ಮರಳುತ್ತೇವೆ. ಇಲ್ಲಿ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆಯವರೆಗೂ ಅದೇ ಲ್ಯಾಂಡ್ ಕ್ರೂಸರ್. ನಾಲ್ವರಿದ್ದರೆ ಆರಾಮ, ಏಳು ಜನರಿದ್ದರೆ ಒಬ್ಬರ ಮೊಣಕೈ ಇನ್ನೊಬ್ಬರ ಪ್ರತಿ ಚಿತ್ರದಲ್ಲೂ ಇರುತ್ತದೆ. ಸಸ್ಯಾಹಾರಿಗಳೆಂದು ಮುಂಗಡ ಕೊಡುವಾಗಲೇ ತಿಳಿಸಿ. ಚಪಾತಿ, ಹುರುಳಿಕಾಯಿ ಕಾಳಿನ ಸಾರು, ಸೊಪ್ಪಿನ ಪಲ್ಯ ಅಲ್ಲಿನವರ ದಿನದ ಊಟವೇ ಆದ್ದರಿಂದ ತೊಂದರೆಯಾಗದು.

ಈಗ ಟಿಕೆಟ್, ಕಾಗದ, ಚುಚ್ಚುಮದ್ದು

ಶಿಬಿರದ ದಿನಾಂಕ ಖಚಿತವಾದ ಮೇಲೆ ವಿಮಾನ. ಟಾಂಜಾನಿಯದ ವೀಸಾವನ್ನು ಸರ್ಕಾರದ ಜಾಲತಾಣದಲ್ಲೇ ಪಡೆಯಿರಿ. ಅದನ್ನೇ ಹೋಲುವ, ಹೆಚ್ಚು ಹಣ ಕೀಳುವ ತಾಣಗಳಿವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ಯುರೋಪಿನ ವಾಸದ ಪರವಾನಗಿ ಮರಳುವ ದಿನಕ್ಕೂ ಊರ್ಜಿತವಾಗಿದೆಯೇ ಎಂದು ನೋಡಿಕೊಳ್ಳಬೇಕು.

ಹಳದಿ ಜ್ವರದ (ಯೆಲ್ಲೋ ಫೀವರ್) ವಿಷಯದಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಯುರೋಪಿನಿಂದ ನೇರವಾಗಿ ಬಂದವರಿಗೆ ಟಾಂಜಾನಿಯ ಚುಚ್ಚುಮದ್ದಿನ ಪ್ರಮಾಣಪತ್ರ ಕೇಳುವುದಿಲ್ಲ. ಆದರೆ ಕೀನ್ಯಾ ನೋಡಿಕೊಂಡು ಅಲ್ಲಿಂದಲೇ ಬೆಂಗಳೂರಿಗೆ ಹೋಗುವವರ ಬಳಿ ಅದು ಇಲ್ಲದಿದ್ದರೆ ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚುಮದ್ದು ಪಡೆದ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತ. ಮಲೇರಿಯಾ ಮಾತ್ರೆ ಹೊರಡುವ ಮುನ್ನವೇ ಆರಂಭವಾಗಬೇಕು, ಮರಳಿದ ಮೇಲೂ ಮುಂದುವರಿಯಬೇಕು. ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಲಿ. ವಾರಗಳ ನಂತರ ಜ್ವರ ಬಂದರೂ ಆಫ್ರಿಕಾಕ್ಕೆ ಹೋಗಿದ್ದನ್ನು ಅವರಿಗೆ ತಿಳಿಸಿ.

ಚೀಲ

ಒಳನಾಡಿನ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಮಿತಿ, ಅದೂ ಮೆತ್ತನೆಯ ಚೀಲವೇ ಆಗಬೇಕು. ಕಡುನೀಲಿ, ಕಪ್ಪು ಬಟ್ಟೆ ಬೇಡ. ಕಚ್ಚುವ ಸೆಟ್ಸಿ ನೊಣಗಳಿಗೆ ಆ ಬಣ್ಣಗಳ ಮೇಲೆ ಕಣ್ಣು. ಪ್ಲಾಸ್ಟಿಕ್ ಕೈಚೀಲಕ್ಕೆ ಟಾಂಜಾನಿಯದಲ್ಲಿ 2019ರಿಂದ ನಿಷೇಧವಿದೆ. ಕುಳಿಯ ಅಂಚು 2,200 ಮೀಟರಿಗೂ ಎತ್ತರದಲ್ಲಿರುವುದರಿಂದ ಬೆಳಗಿನ ಚಳಿಗೆ ಸ್ವೆಟರ್ ಬೇಕು. ದುರ್ಬೀನು ಮಾತ್ರ ಒಬ್ಬೊಬ್ಬರಿಗೆ ಒಂದೊಂದಿರಲಿ. ಮನೆಮಂದಿಗೆಲ್ಲ ಒಂದೇ ಒಯ್ದರೆ, ಅದು ಕೈಯಿಂದ ಕೈಗೆ ಸುತ್ತಿ ನಿಮ್ಮ ಸರದಿ ಬರುವಷ್ಟರಲ್ಲಿ ಚಿರತೆ ಮರದಿಂದ ಇಳಿದು ಹೋಗಿರುತ್ತದೆ.