ಎಂಟನೇ ಕ್ಲಾಸಿಗೆ ಹೊಸ ಹೈಸ್ಕೂಲು: ಓಣಂ ಸಮಯದ ಮೊದಲ ಪರೀಕ್ಷೆಯೊಳಗೆ ಮಾಡಿಕೊಳ್ಳಬೇಕಾದ ಕೆಲಸಗಳು

ಊರಿನ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ ಏಳಕ್ಕೆ ಮುಗಿಯಿತು. ಜೂನ್‌ನಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕವೋ ಪೆರ್ಲವೋ ಮುಳ್ಳೇರಿಯವೋ, ಅಲ್ಲಿನ ಒಂದು ಸಣ್ಣ ಕನ್ನಡ ಮೀಡಿಯಂ ಕ್ಲಾಸಿಗೆ ಸೇರಿದ್ದೂ ಆಯಿತು. ಕ್ಲಾಸಿನಲ್ಲಿ ಹದಿನೈದು ಇಪ್ಪತ್ತು ಮಕ್ಕಳಿದ್ದರೆ ಮಾಷ್ಟ್ರಿಗೆ ನಿಮ್ಮ ಹೆಸರು ಎರಡನೇ ದಿನಕ್ಕೇ ಬಾಯಿಗೆ ಬಂದಿರುತ್ತದೆ. ಎರಡು ದಿನ ಬಾರದಿದ್ದರೆ ಮನೆಗೆ ಫೋನು ಬರುತ್ತದೆ. ಅದು ಒಳ್ಳೆಯದೇ. ಆದರೆ ಇಂಥ ಶಾಲೆಯಲ್ಲಿ ಕೇಳಿದ್ದು ಸಿಗುತ್ತದೆ, ಕೇಳದ್ದು ಸಿಗುವುದಿಲ್ಲ. ಒಬ್ಬರೇ ಟೀಚರು ಪಾಠವನ್ನೂ ಊಟದ ಲೆಕ್ಕವನ್ನೂ ಕಲೋತ್ಸವವನ್ನೂ ನೋಡಬೇಕಾಗುತ್ತದೆ. ನಿಮಗೆ ಬೇಕಾದ್ದನ್ನು ಅವರು ನೆನಪಿಟ್ಟುಕೊಂಡು ತಂದುಕೊಡಲಿ ಎಂದು ಕಾಯಬೇಡಿ.

ಮೊದಲು ಪುಸ್ತಕ. ಎಂಟರ ತನಕ ಪಠ್ಯಪುಸ್ತಕ ಉಚಿತ, ಒಂಬತ್ತರಿಂದ ಹಣ ಕೊಡಬೇಕು. ಕನ್ನಡದ ಪ್ರತಿ ಬರುವುದು ತಡವಾದರೆ ಕಾಯುತ್ತಾ ಕೂರಬೇಡಿ. ಪಠ್ಯಪುಸ್ತಕ ತಯಾರಿಸುವ ಕೇರಳದ ಎಸ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಕನ್ನಡ ಮಾಧ್ಯಮದ ಪಿಡಿಎಫ್ ಇರುತ್ತದೆ, ಮೊದಲ ಎರಡು ಪಾಠ ಪ್ರಿಂಟ್ ತೆಗೆಸಿದರೆ ಸಾಕು. ಇಲ್ಲಿ ತುಂಬಾ ಜನ ಮಾಡುವ ತಪ್ಪೊಂದಿದೆ. ಪುತ್ತೂರಿಗೋ ಮಂಗಳೂರಿಗೋ ಹೋದಾಗ ‘ಎಂಟನೇ ತರಗತಿ ಗೈಡ್’ ಎಂದು ಕಂಡದ್ದನ್ನು ತಂದುಬಿಡುತ್ತಾರೆ. ಅದು ಕರ್ನಾಟಕದ ಸಿಲೆಬಸ್. ಪಾಠವೂ ಬೇರೆ, ಪ್ರಶ್ನೆ ಕೇಳುವ ರೀತಿಯೂ ಬೇರೆ. ಯೂಟ್ಯೂಬಿನ ಕನ್ನಡ ಕ್ಲಾಸುಗಳೂ ಹೆಚ್ಚಿನವು ಅಲ್ಲಿಯವೇ. ವಿಷಯ ತಿಳಿದುಕೊಳ್ಳಲು ನೋಡಿ, ಉತ್ತರ ಬರೆಯಲು ನಿಮ್ಮ ಪುಸ್ತಕವನ್ನೇ ಹಿಡಿಯಿರಿ.

ಅದಕ್ಕೆ ಕಾರಣ ಪಾರಿಭಾಷಿಕ ಪದಗಳು. ಎಲಿಮೆಂಟ್‌ಗೆ ಮೂಲವಸ್ತು ಎಂದೂ ಧಾತು ಎಂದೂ ಹೇಳುವುದುಂಟು. ಪರೀಕ್ಷೆಯಲ್ಲಿ ಬರುವುದು ನಿಮ್ಮ ಪುಸ್ತಕದ ಪದ. ಪ್ಲಸ್ ವನ್‌ಗೆ, ಅಂದರೆ ಹನ್ನೊಂದಕ್ಕೆ, ಸಯನ್ಸ್ ತೆಗೆದುಕೊಂಡರೆ ಇದೇ ಪದಗಳು ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಹಾಗಾಗಿ 100 ಪುಟದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಪುಸ್ತಕದ ಕನ್ನಡ ಪದ, ಇಂಗ್ಲಿಷ್ ಪದ, ನಿಮ್ಮದೇ ಮಾತಿನಲ್ಲಿ ಒಂದು ಸಾಲು. ಸಾಂದ್ರತೆ, ಡೆನ್ಸಿಟಿ, ‘ಒಂದೇ ಗಾತ್ರದಲ್ಲಿ ಎಷ್ಟು ದ್ರವ್ಯರಾಶಿ ಇದೆ ಎಂಬುದು’. ದಿನಕ್ಕೆ ಐದು ಪದ ಸಾಕು. ಮೂರನೇ ಕಾಲಂ ಖಾಲಿ ಬಿಟ್ಟವರಿಗೆ ಉಳಿಯುವುದು ಬರೀ ಉರು ಹೊಡೆದ ಪಟ್ಟಿ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಆಡುವವರಿಗೆ ಆ ಸಾಲೇ ಮುಖ್ಯ.

ಇನ್ನು ಮಲಯಾಳ ಲಿಪಿ. ಕನ್ನಡ ಮೀಡಿಯಮಿನಲ್ಲಿ ಓದಿದರೂ ನೋಟೀಸು, ಅರ್ಜಿ ಫಾರ್ಮು, ಬಸ್ಸಿನ ಬೋರ್ಡು ಬರುವುದು ಹೆಚ್ಚಾಗಿ ಅದರಲ್ಲೇ. ಕನ್ನಡ ಬಲ್ಲವರಿಗೆ ಇದು ಎರಡು ವಾರದ ಕೆಲಸ. ವರ್ಣಮಾಲೆಯ ಕ್ರಮ ಒಂದೇ ಆದ್ದರಿಂದ ದಿನಕ್ಕೊಂದು ವರ್ಗದಂತೆ ಐದು ದಿನದಲ್ಲಿ 25 ಅಕ್ಷರ ಮುಗಿಯುತ್ತದೆ. ಮತ್ತೆರಡು ದಿನ ಸ್ವರ ಮತ್ತು ಅದರ ಚಿಹ್ನೆಗಳು, ಎರಡು ದಿನ ಯ ರ ಲ ವ. ಎಡವುವುದು ಮೂರು ಕಡೆ. ಒಂದು, ಚಿಲ್ಲಕ್ಷರ: ಪದದ ಕೊನೆಯಲ್ಲಿ ಸ್ವರವಿಲ್ಲದೆ ನಿಲ್ಲುವ ನ್, ಣ್, ರ್, ಲ್, ಳ್‌ಗಳಿಗೆ ಬೇರೆಯೇ ರೂಪ ಇದೆ. ಕಣ್ಣೂರ್ ಎಂಬ ಬೋರ್ಡಿನ ಕೊನೆಯ ಅಕ್ಷರ ನೋಡಿ. ಎರಡು, ನಾವು ಹಳಗನ್ನಡ ಪದ್ಯದಲ್ಲಷ್ಟೇ ಕಾಣುವ ೞ ಅಲ್ಲಿ ಇನ್ನೂ ದಿನಬಳಕೆಯಲ್ಲಿದೆ. ನಾವು ಕೋಝಿಕ್ಕೋಡ್ ಎಂದು ಬರೆಯುವುದು ಅಲ್ಲಿ ಕೋೞಿಕ್ಕೋಡ್. ಮೂರು, ಹಳಗನ್ನಡದ್ದೇ ಇನ್ನೊಂದು ಅಕ್ಷರ ಱ ಒಂಟಿಯಾಗಿದ್ದರೆ ಗಟ್ಟಿ ರ. ಅದೇ ಒತ್ತಾಗಿ ಬಂದರೆ ‘ಟ್ಟ’ಕ್ಕೆ ಹತ್ತಿರದ ಸದ್ದು. ಇದನ್ನು ಪುಸ್ತಕ ನೋಡಿ ಕಲಿಯುವುದು ಕಷ್ಟ, ಪಕ್ಕದ ಮಲಯಾಳ ಮೀಡಿಯಂ ಕ್ಲಾಸಿನ ಗೆಳೆಯರಿಂದ ಹೇಳಿಸಿಕೊಳ್ಳಿ. ಒತ್ತಕ್ಷರಗಳನ್ನು ಮಾತ್ರ ಕಾಗದದಲ್ಲಿ ಬರೆದೇ ಕಲಿಯಬೇಕು.

ಅಂಕದ ಲೆಕ್ಕ ಜೂನ್‌ನಲ್ಲೇ ತಿಳಿದಿರಲಿ. ಎಸ್ಸೆಸ್ಸೆಲ್ಸಿಯಲ್ಲಿ 50ರ ವಿಷಯಕ್ಕೆ ಬರವಣಿಗೆ 40, ನಿರಂತರ ಮೌಲ್ಯಮಾಪನ 10. 100ರದ್ದಕ್ಕೆ 80 ಮತ್ತು 20. ಈ ಎರಡನೆಯ ಭಾಗವನ್ನೇ ಎಲ್ಲರೂ ಸಿಇ ಎನ್ನುವುದು. ಸಿಇ ಇದೆಯಲ್ಲ, ಹೇಗೂ ಪಾಸಾಗುತ್ತದೆ ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. 2024–25ರಲ್ಲಿ ಎಂಟನೇ ಕ್ಲಾಸಿನಿಂದ ಶುರುವಾಗಿ ಬರವಣಿಗೆಯಲ್ಲೇ ಪ್ರತಿ ವಿಷಯಕ್ಕೆ ಕನಿಷ್ಠ ಶೇ. 30 ಬೇಕೆಂದಾಗಿದೆ, ಅಂದರೆ 40ಕ್ಕೆ 12, 80ಕ್ಕೆ 24. ಬಾರದಿದ್ದರೆ ಪ್ರತ್ಯೇಕ ಕ್ಲಾಸು, ಮತ್ತೆ ಪರೀಕ್ಷೆ. ಪರೀಕ್ಷೆಯ ಮೊದಲ 15 ನಿಮಿಷ ಕೂಲ್ ಆಫ್ ಟೈಮ್, ಪ್ರಶ್ನೆಪತ್ರಿಕೆ ಓದಲು ಮಾತ್ರ, ಬರೆಯುವಂತಿಲ್ಲ. ಆಗ ಆಯ್ಕೆ ಇರುವ ಪ್ರಶ್ನೆಗಳಲ್ಲಿ ಯಾವುದು ಎಂದು ನಿಶ್ಚಯಿಸಿಬಿಡಿ. ಕನ್ನಡ ಅನುವಾದದಲ್ಲಿ ಏನಾದರೂ ಎಡವಟ್ಟು ಕಂಡರೆ ಆಗಲೇ ಕೈ ಎತ್ತಿ ಹೇಳಿ. ಪರೀಕ್ಷೆ ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಹಣದ ಮಾತು: ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ. ಇದು ಎಂಟನೇ ಕ್ಲಾಸಿನಲ್ಲಿ ಮಾತ್ರ ಬರೆಯಬಹುದಾದ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯವರಿಗೆ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರದಿದ್ದರೆ. ಏಳರಲ್ಲಿ ಶೇ. 55 ಇರಬೇಕು. ತಾರ್ಕಿಕ ಸಾಮರ್ಥ್ಯದ 90 ಪ್ರಶ್ನೆ, ಪಾಠದ 90 ಪ್ರಶ್ನೆ. ಸಿಕ್ಕಿದರೆ ಒಂಬತ್ತರಿಂದ ಹನ್ನೆರಡರ ತನಕ ವರ್ಷಕ್ಕೆ 12,000 ರೂಪಾಯಿ. ಇಲ್ಲಿ ಮಕ್ಕಳು ಸೋಲುವುದು ಪರೀಕ್ಷೆಗಿಂತ ಹೆಚ್ಚು ಕಾಗದದಲ್ಲಿ. ಶಾಲೆಯ ರಿಜಿಸ್ಟರಿನಲ್ಲಿ ‘ಕೃಷ್ಣಪ್ರಸಾದ’, ಆಧಾರಿನಲ್ಲಿ ‘ಕೃಷ್ಣ ಪ್ರಸಾದ್ ಕೆ’, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು. ‘ಲತಾ’ ಎಂಬುದರ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಕಡೆ ಟಿ, ಇನ್ನೊಂದು ಕಡೆ ಟಿಎಚ್. ಕಂಪ್ಯೂಟರಿಗೆ ಇವು ಇಬ್ಬರು ಬೇರೆ ಬೇರೆ ಮಕ್ಕಳು. ಜೂನ್‌ನಲ್ಲೇ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಶಾಲೆಯ ದಾಖಲೆಯನ್ನು ಈಗ ತಿದ್ದಿಸುವುದು ಸುಲಭ, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಬಂದ ಮೇಲೆ ತಿರುವನಂತಪುರದ ಪರೀಕ್ಷಾ ಭವನದ ತನಕ ಅರ್ಜಿ ಹೋಗಬೇಕು. ಆದಾಯ ಪತ್ರಕ್ಕೆ ಅಕ್ಷಯ ಕೇಂದ್ರದಿಂದ (ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಹಾಕಿ, ಕೊಡುವವರು ವಿಲ್ಲೇಜ್ ಆಫೀಸರು. ಕೊನೇ ವಾರ ಸರ್ವರ್ ಸಿಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಸ್ಕಾಲರ್‌ಶಿಪ್ ಸಿಕ್ಕ ಮೇಲೂ ಪ್ರತಿ ವರ್ಷ ರಿನ್ಯೂವಲ್ ಮಾಡಬೇಕು, ಮರೆತರೆ ಆ ವರ್ಷದ ಹಣ ಬರುವುದಿಲ್ಲ.

ಊಟ: ಸರ್ಕಾರದ ಮಧ್ಯಾಹ್ನದ ಊಟ ಎಂಟರ ತನಕ. ಒಂಬತ್ತಕ್ಕೆ ಬುತ್ತಿ ಕಟ್ಟುವ ಅಭ್ಯಾಸ ಮನೆಯಲ್ಲಿ ಈಗಲೇ ಶುರುವಾಗಲಿ. ಜೂನ್, ಜುಲೈಯಲ್ಲಿ ಬ್ಯಾಗಿನೊಳಗೆ ಪುಸ್ತಕಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನಮ್ಮ ಮಳೆಗೆ ಕೊಡೆ ತಲೆಯನ್ನು ಮಾತ್ರ ಕಾಯುತ್ತದೆ.

ಲಿಟಲ್ ಕೈಟ್ಸ್ ಎಂಬ ಶಾಲಾ ಐಟಿ ಕ್ಲಬ್ಬಿಗೆ ಆಯ್ಕೆ ಪರೀಕ್ಷೆ ಎಂಟರಲ್ಲೇ ನಡೆಯುತ್ತದೆ, ಹೆಸರು ಕೊಟ್ಟುಬಿಡಿ. ಸಣ್ಣ ಶಾಲೆಯಲ್ಲಿ ಸ್ಪರ್ಧೆ ಕಡಿಮೆ, ಲ್ಯಾಬಿನ ಕಂಪ್ಯೂಟರ್ ಮುಂದೆ ಸಿಗುವ ಸಮಯ ಹೆಚ್ಚು. ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಲ್ಯಾಬಿನಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು. ಕಲೋತ್ಸವದಲ್ಲಿ ಯಕ್ಷಗಾನವೂ ಇದೆ. ವೇಷ ಹಾಕಲು ಇಷ್ಟವಿದ್ದರೆ ಜೂನ್‌ನಲ್ಲೇ ಹೇಳಿ, ಹೆಜ್ಜೆ ಕೂರಲು ತಿಂಗಳುಗಟ್ಟಲೆ ಬೇಕು.

ಕೊನೆಗೆ, ಕೇಳುವ ಕ್ರಮ. ‘ಅರ್ಥವಾಗಲಿಲ್ಲ ಸರ್’ ಎಂದರೆ ಇಡೀ ಪಾಠ ಮತ್ತೆ ಶುರುವಾಗುತ್ತದೆ, ನಿಮ್ಮ ಸಂಶಯ ಅಲ್ಲೇ ಉಳಿಯುತ್ತದೆ. ಲೆಕ್ಕವನ್ನು ಬರೆದು ತಂದು, ನಿಂತ ಸಾಲಿನ ಕೆಳಗೆ ಗೆರೆ ಎಳೆದು, ‘ಇಲ್ಲಿ ಮೈನಸ್ ಯಾಕೆ ಬಂತು’ ಎಂದು ಕೇಳಿ. ಊಟದ ಬಿಡುವಿನ ಕೊನೆಯ ಹತ್ತು ನಿಮಿಷ ಸ್ಟಾಫ್ ರೂಮಿಗೆ ಹೋಗಲು ಒಳ್ಳೆಯ ಹೊತ್ತು. ಪಾಠ ಮಾಡುವವರಿಗೆ ಕನ್ನಡ ಸರಿಯಾಗಿ ಬಾರದಿದ್ದರೆ ನಾಲ್ಕೈದು ಜನ ಸೇರಿ, ಯಾವ ಪಾಠದ ಯಾವ ಭಾಗ ತಿಳಿಯಲಿಲ್ಲ ಎಂದು ತಾರೀಕು ಹಾಕಿ ಬರೆದಿಡಿ. ಹೆತ್ತವರು ಪಿಟಿಎ ಸಭೆಗೆ ಆ ಹಾಳೆಯನ್ನು ಒಯ್ಯಲಿ. ಬಾಯಿಮಾತಿನ ದೂರಿಗೆ ‘ನೋಡುವಾ’ ಎಂಬ ಉತ್ತರ ಸಿಗುತ್ತದೆ, ಹಾಳೆಯಾದರೆ ಮಿನಿಟ್ಸ್ ಪುಸ್ತಕದಲ್ಲಿ ಬರೆಯಬೇಕಾಗುತ್ತದೆ.