ಅಮೆರಿಕದಲ್ಲಿ ಓದುತ್ತಾ ದುಡಿಯುವವರು ಯಾವ ದೇಶದ ತೆರಿಗೆ ನಿವಾಸಿ? ಲೆಕ್ಕ ಹಾಕುವುದು ಹೀಗೆ

ಎಂ.ಎಸ್. ಓದಲು ಅಮೆರಿಕಕ್ಕೆ ಹೋದ ಮಕ್ಕಳು ಕ್ಯಾಂಪಸ್ಸಿನ ಗ್ರಂಥಾಲಯದಲ್ಲೋ ಕ್ಯಾಂಟೀನಿನಲ್ಲೋ ವಾರಕ್ಕೆ 20 ಗಂಟೆ ದುಡಿಯುತ್ತಾರೆ. ವರ್ಷದ ಆರಂಭದಲ್ಲಿ ವರ್ಷದ ಸಂಬಳ ಮತ್ತು ಹಿಡಿದ ತೆರಿಗೆಯನ್ನು ತೋರಿಸುವ ಡಬ್ಲ್ಯು-2 ಕೈಸೇರಿದ ಕೂಡಲೇ ರೂಮ್‌ಮೇಟ್ ತುಂಬಿದ ಫಾರ್ಮನ್ನೇ ನೋಡಿ ತಾವೂ ತುಂಬಿ ಕಳುಹಿಸುವುದನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಇತ್ತ ಬೆಂಗಳೂರಿನಲ್ಲೋ ಹಾಸನದಲ್ಲೋ ಇರುವ ತಂದೆ ತಾಯಿ ‘ಮಗ ಈಗ ಎನ್‌ಆರ್‌ಐ, ಇಲ್ಲಿ ರಿಟರ್ನ್ಸ್ ಹಾಕುವ ಅಗತ್ಯವಿಲ್ಲ’ ಎಂದು ನಿಶ್ಚಿಂತೆಯಿಂದಿರುತ್ತಾರೆ. ಎರಡೂ ಕಡೆ ತಪ್ಪಾಗುವುದು ವೀಸಾವನ್ನೂ ತೆರಿಗೆಯ ನಿವಾಸವನ್ನೂ ಒಂದೇ ಎಂದು ತಿಳಿಯುವುದರಿಂದ. ತೆರಿಗೆಯ ನಿವಾಸವನ್ನು ಬಹುಪಾಲು ತೀರ್ಮಾನಿಸುವುದು ದಿನಗಳ ಲೆಕ್ಕ.

ಮೊದಲು ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ, ಭಾರತಕ್ಕೆ ಏಪ್ರಿಲ್‌ನಿಂದ ಮಾರ್ಚ್, ಅಮೆರಿಕಕ್ಕೆ ಜನವರಿಯಿಂದ ಡಿಸೆಂಬರ್ ಎಂದು ಬರೆದು, ಪ್ರತಿ ಪ್ರಯಾಣದ ದಿನಾಂಕವನ್ನೂ ನಮೂದಿಸಿ. ಟಿಕೆಟ್ಟಿನ ದಿನಾಂಕವನ್ನು ನಂಬಬೇಡಿ, ಪಾಸ್‌ಪೋರ್ಟಿನ ಮುದ್ರೆಯನ್ನು ನೋಡಿ. ಕೆಂಪೇಗೌಡ ನಿಲ್ದಾಣದಿಂದ ನಸುಕಿನ ಒಂದು ಗಂಟೆಗೆ ಹೊರಡುವ ವಿಮಾನಕ್ಕೆ ಇಮಿಗ್ರೇಷನ್ ಮುದ್ರೆ ಹಿಂದಿನ ರಾತ್ರಿಯೇ ಬಿದ್ದಿರುವುದುಂಟು.

ಎರಡನೆಯದು ಭಾರತದ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲಿಯೇ ಆದ್ದರಿಂದ ನಿಧಾನವಾಗಿ ಓದಿ. ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದವರು ಭಾರತದ ನಿವಾಸಿ. ಅದಲ್ಲದೆ ಆ ವರ್ಷ 60 ದಿನವೂ ಅದರ ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನವೂ ಇಲ್ಲಿದ್ದವರು ಸಹ ನಿವಾಸಿಯೇ. ಉದ್ಯೋಗಕ್ಕಾಗಿ ದೇಶ ಬಿಡುವ ನಾಗರಿಕರಿಗೆ ಈ 60 ದಿನದ ಜಾಗದಲ್ಲಿ 182 ದಿನ ಎಂಬ ರಿಯಾಯಿತಿ ಇದೆ. ಆದರೆ ನಿಮ್ಮ ಮಗಳು ಹೋಗುತ್ತಿರುವುದು ಓದಲು. 2024ರ ಆಗಸ್ಟ್ 10ರಂದು ಹೊರಟವಳು ಆ ಆರ್ಥಿಕ ವರ್ಷದಲ್ಲಿ 132 ದಿನ ಇಲ್ಲಿದ್ದಳು; ಹಿಂದಿನ ನಾಲ್ಕು ವರ್ಷವೂ ಮನೆಯಲ್ಲೇ ಇದ್ದಳು. ಹೀಗಾಗಿ 2024-25ಕ್ಕೆ ಅವಳು ಭಾರತದ ನಿವಾಸಿ, ಮಾರ್ಚ್‌ವರೆಗೆ ಅಲ್ಲಿ ಗಳಿಸಿದ ಸಂಬಳವನ್ನೂ ಇಲ್ಲಿ ತೋರಿಸಬೇಕು. ಓದಲು ಹೋದವರನ್ನು ಅನಿವಾಸಿಗಳೆಂದು ಪರಿಗಣಿಸುವಂತೆ ರಿಸರ್ವ್ ಬ್ಯಾಂಕ್ 2003ರಲ್ಲೇ ಹೇಳಿರುವುದರಿಂದ ಬ್ಯಾಂಕಿನವರು ಖಾತೆಯನ್ನು ಅನಿವಾಸಿಗಳ ಖಾತೆಯಾದ ಎನ್‌ಆರ್‌ಒ ಮಾಡಿಸಿ ಎನ್ನುತ್ತಾರೆ. ಅದು ವಿದೇಶಿ ವಿನಿಮಯ ಕಾಯ್ದೆಯ ಮಾತು, ಆದಾಯ ತೆರಿಗೆಗೆ ಅನ್ವಯಿಸುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ ದಿನಗಳ ಲೆಕ್ಕ ಹಾಗೆಯೇ ಉಳಿದಿದೆ.

ಹೆದರುವ ಅಗತ್ಯವಿಲ್ಲ. ಗಂಟೆಗೆ 15 ಡಾಲರಿನಂತೆ 28 ವಾರ ದುಡಿದರೆ 8,400 ಡಾಲರ್, ಅಂದರೆ ಸುಮಾರು 7 ಲಕ್ಷ ರೂಪಾಯಿ. ಬೇರೆ ಆದಾಯವಿಲ್ಲದಿದ್ದರೆ ಆ ವರ್ಷದ ಹೊಸ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ರಿಬೇಟ್ ಸೇರಿದ ಮೇಲೆ ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೂ ರಿಟರ್ನ್ಸ್ ಹಾಕಲೇಬೇಕು, ಏಕೆಂದರೆ ಇಂಥ ನಿವಾಸಿಗೆ ಹೊರದೇಶದಲ್ಲಿ ಬ್ಯಾಂಕ್ ಖಾತೆ ಇದ್ದರೆ ಆದಾಯ ಎಷ್ಟೇ ಕಡಿಮೆಯಿರಲಿ ಅದನ್ನು ವಿದೇಶಿ ಆಸ್ತಿಗಳ ಪಟ್ಟಿಯಾದ ಷೆಡ್ಯೂಲ್ ಎಫ್‌ಎಯಲ್ಲಿ ಘೋಷಿಸಬೇಕು. ಐಟಿಆರ್-1ರಲ್ಲಿ ಆ ಷೆಡ್ಯೂಲ್ ಇಲ್ಲ, ಐಟಿಆರ್-2 ತೆಗೆದುಕೊಳ್ಳಿ. ಆ ಷೆಡ್ಯೂಲ್ ಮಾತ್ರ ಕ್ಯಾಲೆಂಡರ್ ವರ್ಷವನ್ನು ಅನುಸರಿಸುವುದರಿಂದ, 2024-25ರ ರಿಟರ್ನ್ಸಿನಲ್ಲಿ ತೋರಿಸಬೇಕಾದದ್ದು 2024ರ ಡಿಸೆಂಬರ್ 31ರವರೆಗಿನ ವಿವರ. ಐದು ನಿಮಿಷದಲ್ಲಿ ರಿಟರ್ನ್ಸ್ ಮುಗಿಸಿಕೊಡುವ ಅಗ್ಗದ ಸೇವೆಗಳು ಈ ಪ್ರಶ್ನೆಯನ್ನೇ ಕೇಳುವುದಿಲ್ಲ; ಅಂಥವುಗಳಿಗೆ ಈ ಒಂದು ವರ್ಷವನ್ನು ಒಪ್ಪಿಸಬೇಡಿ. ಮರುವರ್ಷದಿಂದ, ರಜೆಗೆ ಮಾತ್ರ ಬಂದು ಹೋಗುವವರು ಸಾಮಾನ್ಯವಾಗಿ ಅನಿವಾಸಿಗಳು.

ಮೂರನೆಯದು ಅಮೆರಿಕದ ಲೆಕ್ಕ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರ ಮೊದಲ 5 ಕ್ಯಾಲೆಂಡರ್ ವರ್ಷಗಳ ದಿನಗಳನ್ನು ಅಲ್ಲಿ ಎಣಿಸುವುದೇ ಇಲ್ಲ, ಮತ್ತು ಡಿಸೆಂಬರಿನಲ್ಲಿ ಒಂದೇ ದಿನ ಇದ್ದರೂ ಅದು ಒಂದು ವರ್ಷವೇ. 2024ರಲ್ಲಿ ಮೊದಲ ಬಾರಿ ಹೋದವರು ವಿದ್ಯಾರ್ಥಿಯಾಗಿಯೇ ಇದ್ದರೆ 2028ರವರೆಗೆ ಅನಿವಾಸಿ. ಆದ್ದರಿಂದ ತುಂಬಬೇಕಾದ ರಿಟರ್ನ್ಸ್ ಫಾರ್ಮ್ ನಿವಾಸಿಗಳ 1040 ಅಲ್ಲ, ಅನಿವಾಸಿಗಳ 1040-ಎನ್‌ಆರ್, ಅದರ ಜೊತೆಗೆ ಎಣಿಸಬಾರದ ದಿನಗಳನ್ನು ತಿಳಿಸುವ ಫಾರ್ಮ್ 8843. ಒಂದು ಡಾಲರ್ ದುಡಿಯದಿದ್ದರೂ 8843 ಕಳುಹಿಸಬೇಕು. ಟಿವಿ ಜಾಹೀರಾತಿನ ಸಾಫ್ಟ್‌ವೇರ್‌ಗಳನ್ನು ಬಿಟ್ಟು, ಅನಿವಾಸಿಗಳಿಗೆಂದೇ ಇರುವುದನ್ನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿ ಪಡೆಯಿರಿ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯು ನಮ್ಮ ವಿದ್ಯಾರ್ಥಿಗಳಿಗೆ, ಇತರ ಹೆಚ್ಚಿನ ದೇಶಗಳವರಿಗೆ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟಿದೆ. 2024ಕ್ಕೆ ಅದು ಒಂಟಿ ವ್ಯಕ್ತಿಗೆ 14,600 ಡಾಲರ್. ಕ್ಯಾಂಪಸ್ ದುಡಿಮೆ ಅಷ್ಟರೊಳಗಿದ್ದರೆ ಹಿಡಿದಿಟ್ಟ ಫೆಡರಲ್ ತೆರಿಗೆಯೆಲ್ಲ ವಾಪಸ್ ಬರುತ್ತದೆ. ರಾಜ್ಯದ ತೆರಿಗೆ ಬೇರೆ. ಕ್ಯಾಲಿಫೋರ್ನಿಯಾ ಈ ಒಪ್ಪಂದವನ್ನು ಮಾನ್ಯ ಮಾಡುವುದಿಲ್ಲ.

ಓದಿಗೆ ಸಂಬಂಧಿಸಿದ ಕೆಲಸಕ್ಕೆ ಎಫ್-1ರಲ್ಲೇ ಸಿಗುವ ಅನುಮತಿಯಾದ ಒಪಿಟಿಯಲ್ಲಿ ಕೆಲಸಕ್ಕೆ ಸೇರಿದ ತಿಂಗಳೇ ಸಂಬಳದ ಚೀಟಿಯನ್ನು ನೋಡಿ. ಅನಿವಾಸಿ ಎಫ್-1 ವಿದ್ಯಾರ್ಥಿಯ ಸಂಬಳದಿಂದ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್ ಎಂದು 7.65% ಹಿಡಿಯುವಂತಿಲ್ಲ. ಹಿಡಿದಿದ್ದರೆ ಮೊದಲು ಕಂಪನಿಯನ್ನೇ ಲಿಖಿತವಾಗಿ ಕೇಳಿ, ಅವರು ಕೊಡದಿದ್ದರೆ ಮಾತ್ರ ಅಮೆರಿಕದ ತೆರಿಗೆ ಇಲಾಖೆಗೆ ಫಾರ್ಮ್ 843 ಮತ್ತು 8316 ಕಳುಹಿಸಿ.

ಅಕ್ಟೋಬರ್ 1ರಂದು ಉದ್ಯೋಗ ವೀಸಾ ಎಚ್-1ಬಿಗೆ ಬದಲಾದವರಿಗೆ ದಿನಗಳ ಎಣಿಕೆ ಅಂದಿನಿಂದ ಶುರು. ಆ ವರ್ಷ ಸಿಗುವುದು 92 ದಿನ, ಅಮೆರಿಕದ ನಿವಾಸಿಯಾಗಲು ಬೇಕಿರುವುದು 183, ಆದ್ದರಿಂದ ಐದು ವರ್ಷದ ವಿನಾಯಿತಿ ಮುಗಿಯದಿದ್ದರೆ ಆ ವರ್ಷವೂ 1040-ಎನ್‌ಆರ್. ಮರುವರ್ಷ ಅಲ್ಲೇ ಇದ್ದರೆ ಅವರು ಅಮೆರಿಕದ ನಿವಾಸಿ. ಆಗ ಊರಿನ ಬ್ಯಾಂಕಿನ ಬಡ್ಡಿಯನ್ನೂ ಅಲ್ಲಿ ತೋರಿಸಬೇಕು. ತಂದೆಯ ಜೊತೆಗಿನ ಜಂಟಿ ಖಾತೆ, ಎಫ್‌ಡಿ ಎಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಹೊರದೇಶದ ಖಾತೆಗಳ ವಿವರ ಕೊಡುವ ಎಫ್‌ಬಿಎಆರ್ ವರದಿಯನ್ನೂ ಸಲ್ಲಿಸಬೇಕು.